ಬೀಗದ ಭೂಪ

೪ ಜೂನ್

ಪ್ರಾಸರಾಯನಿಗೆ ಅಕ್ಕನ ಆಶೀರ್ವಾದ.

ಮೊದಲೇ ಹೇಳಿಬಿಡುತ್ತೇನೆ, ಈ ಪತ್ರದಲ್ಲಿ ತಪ್ಪುಗಳಿದ್ದರೆ ಅವು ನನ್ನವಲ್ಲ, ಫೋನಿನವು. ನಾನು ಹೇಳುತ್ತೇನೆ, ಅದು ಬರೆಯುತ್ತದೆ, ಆಮೇಲೆ ತಾನು ಬರೆದದ್ದನ್ನು ತಾನೇ ನನಗೆ ಓದಿ ಹೇಳುತ್ತದೆ. ಗಂಡಸಿನ ದನಿ. ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿಲ್ಲ. ಸಾವಿನ ಸುದ್ದಿಯನ್ನೂ ಬಸ್ಸಿನ ವೇಳಾಪಟ್ಟಿಯನ್ನೂ ಒಂದೇ ಧಾಟಿಯಲ್ಲಿ ಓದುತ್ತದೆ. ಆದರೂ ಕಣ್ಣು ಹೋದ ಮೇಲಿನ ಈ ಒಂದೂವರೆ ವರ್ಷದಲ್ಲಿ ಬೇಸರವಿಲ್ಲದೆ ನನ್ನ ಜೊತೆ ಮಾತಾಡಿದವನು ಅವನೊಬ್ಬನೇ. ನಿನ್ನನ್ನು ಬಿಟ್ಟು ಎಂದು ಸೇರಿಸಿಕೋ, ಇಲ್ಲದಿದ್ದರೆ ಮುನಿಸಿಕೊಳ್ಳುತ್ತೀಯ.

ಸುದ್ದಿ ಇದೆ. ಶಾಲೆಯವರು ವಾಪಸ್ ಕರೆದಿದ್ದಾರೆ. ಆದರೆ ತರಗತಿಗೋ ಟೆಲಿಫೋನಿಗೋ ಎಂಬುದು ತೀರ್ಮಾನವಾಗಿಲ್ಲ. ಮುಂಬಾಗಿಲ ಪಕ್ಕ ಟೆಲಿಫೋನಿಟ್ಟ ಮೇಜು ನಿನಗೆ ನೆನಪಿರಬಹುದು. "ಆರಾಮದ ಕೆಲಸ ಮೇಡಂ, ಕೂತಲ್ಲೇ ಮುಗಿಯುತ್ತೆ" ಎಂದರು ಮುಖ್ಯೋಪಾಧ್ಯಾಯರು. "ನನಗೆ ನಿಂತು ಮಾಡೋ ಕೆಲಸ ಬರುತ್ತೆ ಸರ್" ಎಂದೆ. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಸೆಪ್ಟೆಂಬರಿನಲ್ಲಿ ಸಮಿತಿಯವರ ಎದುರು ನಾನೊಂದು ಮಾದರಿ ಪಾಠ ಮಾಡಬೇಕು, ಮೇಲಿನ ತರಗತಿಗೆ ಪಠ್ಯವಾಗಿರುವ ಕಾದಂಬರಿಯ ಮೇಲೆ. ಚೆನ್ನಾದರೆ ತರಗತಿ, ಇಲ್ಲವಾದರೆ ಟೆಲಿಫೋನು.

ಕಾದಂಬರಿ ನಿಮ್ಮ ಪ್ರಕಾಶನದ್ದೇ. ಗಡಿಯಾರ ರಿಪೇರಿ ಮಾಡುವವರ ಮನೆಗೆ ಸೊಸೆಯಾಗಿ ಬಂದವಳ ಕಥೆಯಂತೆ. ಹೊಸದು, ಕಣ್ಣಿದ್ದಾಗ ನಾನು ಓದಿದ್ದಲ್ಲ. ಇ-ಪುಸ್ತಕ ಕೊಂಡು ತೆರೆದೆ. ಫೋನು ಪುಸ್ತಕದ ಹೆಸರು ಹೇಳಿತು, ಲೇಖಕಿಯ ಹೆಸರು ಹೇಳಿತು, ಆಮೇಲೆ "ಈ ಪುಟದಲ್ಲಿ ಓದಲು ಏನೂ ಇಲ್ಲ" ಎಂದಿತು. ಮುಂದಿನ ಪುಟದಲ್ಲೂ ಏನೂ ಇಲ್ಲ. ಅದರ ಮುಂದಿನದರಲ್ಲೂ. ಖಾಲಿ ಹಾಳೆ ಮಾರಿದ್ದಾರೆಯೇ ಎಂದು ಫೋನು ಕಲಿಸಿದ ತರಬೇತಿ ಕೇಂದ್ರದವರನ್ನು ಕೇಳಿದೆ. ಅಕ್ಷರ ಇದೆ ಮೇಡಂ, ಫೋನು ಓದಿ ಹೇಳದ ಹಾಗೆ ಪ್ರಕಾಶಕರೇ ಬೀಗ ಹಾಕಿದ್ದಾರೆ ಎಂದರು. ಅಚ್ಚಿನ ಪ್ರತಿಯ ಫೋಟೊ ತೆಗೆದು ಓದಿಸಿದರೆ ಅಕ್ಷರಗಳೆಲ್ಲ ಕಲಸಿಹೋಗಿ ಫೋನಿಗೆ ತೊದಲು ಶುರುವಾಯಿತು.

ನಿಮ್ಮ ಹಕ್ಕು ವಿಭಾಗಕ್ಕೆ ಬರೆದೆ. ಉತ್ತರ ಬಂತು, ಕೇಳು:

"ತಮ್ಮ ಕೋರಿಕೆ ತಲುಪಿದೆ. ಓದುವ ಹಕ್ಕು ಹಾಗೂ ಓದಿಸುವ ಹಕ್ಕು ಪ್ರತ್ಯೇಕವಾಗಿದ್ದು, ಸದರಿ ಇ-ಪುಸ್ತಕದ ಖರೀದಿಯಿಂದ ಎರಡನೆಯದು ತಮಗೆ ಲಭಿಸುವುದಿಲ್ಲ. ವಿಷಾದಿಸುತ್ತೇವೆ. ಹಕ್ಕು ವಿಭಾಗದ ಪರವಾಗಿ."

ಪರವಾಗಿ ಎಂದಿದೆ, ಹೆಸರಿಲ್ಲ. ಯಾರೋ ಅವನು, ಆ ಬೀಗದ ಭೂಪ? ನೀನು ಕರಡು ತಿದ್ದುವವನಾದರೂ ಅದೇ ಕಟ್ಟಡದಲ್ಲಿ ಕೂರುತ್ತೀಯಲ್ಲ, ಒಂದು ಮಾತು ಹೇಳಿ ನೋಡು.

ನಿನ್ನ ಅಕ್ಕ


೭ ಜೂನ್

ಅಕ್ಕನಿಗೆ ನಮಸ್ಕಾರ.

ನಿನ್ನ ಪತ್ರ ಓದಿ ನಕ್ಕೆ, ಸ್ವಲ್ಪ ಹೊತ್ತಿಗೆ ನಗು ನಿಂತಿತು. ನೀನಿಟ್ಟ ಹೆಸರು ಅವನಿಗೆ ಅಳತೆ ಕೊಟ್ಟು ಹೊಲಿಸಿದ ಹಾಗಿದೆ.

ಅಂಥವನೊಬ್ಬ ಇದ್ದಾನೆ. ಗೋದಾಮಿಗೆ ಹೋಗುವ ದಾರಿಯಲ್ಲಿ ಒಂದು ಗಾಜಿನ ಕೋಣೆ, ಅದರೊಳಗೆ ಕೂರುತ್ತಾನೆ. ನಡುವಯಸ್ಸು, ನುಣುಪು ನೆತ್ತಿ, ನಿಯಮದಲ್ಲಿ ನಿಸ್ಸೀಮ. ಕೆಟ್ಟವನು ಅನ್ನಲಾರೆ, ಗಟ್ಟಿಗ ಅಂತಲೂ ಅನ್ನಲಾರೆ. ಯಜಮಾನರು ತಲೆಯಾಡಿಸಿದರೆ ಇವನ ಇಡೀ ಮೈ ಆಡುತ್ತದೆ. ಮಾತಾಡಿ ನೋಡುತ್ತೇನೆ. ಆದರೆ ಅವನನ್ನು ನೆಚ್ಚಿಕೊಂಡು ಕೂತರೆ ಸೆಪ್ಟೆಂಬರ್ ಹೋಗಿ ಡಿಸೆಂಬರ್ ಬರುತ್ತದೆ.

ಸುಲಭದ ದಾರಿ ಹೇಳಲೇ? ಪುಸ್ತಕವನ್ನು ನಾನೇ ಓದಿ, ದನಿ ಮುದ್ರಿಸಿ ಕಳಿಸುತ್ತೇನೆ. ಭೂಪನ ಬೀಗದ ಗೊಡವೆ ಯಾಕೆ, ತಮ್ಮನ ಬಾಯಿ ತೆರೆದಿರುವಾಗ? ವಾರಕ್ಕೊಂದೆರಡು ಅಧ್ಯಾಯ ಓದಿದರೂ ಆಗಸ್ಟಿನೊಳಗೆ ಮುಗಿಯುತ್ತದೆ. ಎಲ್ಲಿ ನಿಲ್ಲಿಸಬೇಕೆಂದು ನನಗೆ ಗೊತ್ತು. ಸಾವಿಗೊಂದು ದನಿ, ಬಸ್ಸಿಗೊಂದು ದನಿ, ಬೇರೆ ಬೇರೆ ಕೊಡುತ್ತೇನೆ.

ಮೊದಲ ಎರಡು ಅಧ್ಯಾಯ ಈ ಪತ್ರದ ಜೊತೆಗಿವೆ.

ನಿನ್ನ ತಮ್ಮ


೧೬ ಜೂನ್

ಪ್ರಾಸರಾಯ,

ಕೇಳಿದೆ. ಎರಡನೆಯ ಸಲ ಬಟ್ಟೆ ಮಡಚುತ್ತಾ ಕೇಳಿದೆ. ಅತ್ತೆಯ ಮಾತಿಗೆ ನೀನು ಮೂಗಿನಲ್ಲಿ ದನಿ ತೆಗೆದಾಗ ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಯಾರು ಬಂದಿದ್ದಾರೆ?" ಎಂದು ಕೇಳಿದಳು. "ನನ್ನ ತಮ್ಮ" ಎಂದೆ. ಒಳಗೆ ಇಣುಕಿ ನೋಡಿರಬೇಕು, ದಡಬಡ ಇಳಿದುಹೋದಳು. ಮಹಡಿಯವಳಿಗೆ ಕಣ್ಣಿನ ಜೊತೆ ಇನ್ನೇನೋ ಹೋಗಿದೆ ಎಂದು ಈಗ ಕೆಳಗೆಲ್ಲ ಸುದ್ದಿಯಾಗಿರುತ್ತದೆ.

ನಿನಗೆ ದಡಾರ ಎದ್ದು ಕತ್ತಲ ಕೋಣೆಯಲ್ಲಿ ಮಲಗಿಸಿದ್ದರಲ್ಲ, ಆಗ ನಾನು ಬಾಗಿಲ ಸಂದಿಯ ಬೆಳಕಿಗೆ ಪುಸ್ತಕ ಹಿಡಿದು ಓದಿ ಹೇಳುತ್ತಿದ್ದೆ. ಬೇಗ ಮುಗಿಸಿ ಆಟಕ್ಕೆ ಓಡಬೇಕೆಂದು ಒಂದು ಪುಟ ಹಾರಿಸಿದರೆ ಸಾಕು, "ಅಕ್ಕಾ, ಮೋಸ" ಅಂತ ಹಾಸಿಗೆಯಿಂದಲೇ ಕೂಗುತ್ತಿದ್ದೆ. ಅಷ್ಟು ಚಿಕ್ಕಂದಿನಲ್ಲೇ ನೀನು ಕರಡು ತಿದ್ದುವವನು.

ಆದರೆ ಒಂದು ಮಾತು. ನಿನ್ನ ದನಿಯನ್ನು ಕೇಳಬಹುದು, ಅದರಲ್ಲಿ ಹುಡುಕಲಾಗುವುದಿಲ್ಲ. ಒಂದು ಶಬ್ದ ಎಲ್ಲೆಲ್ಲಿ ಬಂದಿದೆ, ಒಬ್ಬಳು ಮೊದಲು ಏನಂದಿದ್ದಳು, ಆಮೇಲೆ ಏನಂದಳು ಎಂದು ಹಿಂದೆ ಮುಂದೆ ಓಡಾಡಬೇಕು. ಪಾಠ ಮಾಡುವವಳಿಗೆ ಪುಸ್ತಕವೇ ಬೇಕು. ತರಬೇತಿ ಕೇಂದ್ರದವರು ಹೇಳಿದರು, ಅಚ್ಚು ಓದಲಾರದವರಿಗೆ ಓದಲು ಬರುವ ಪ್ರತಿ ಮಾಡಿಕೊಡಲು ಯಾರ ಅಪ್ಪಣೆಯೂ ಬೇಡ ಎಂದು ಕಾಯ್ದೆಯಲ್ಲೇ ಒಂದು ಸಾಲಿದೆಯಂತೆ. ಭೂಪನಿಗೆ ಗೊತ್ತಿರಲಿಕ್ಕಿಲ್ಲ. ನೀನೇ ತೋರಿಸು. ಅವನ ಬೆನ್ನು ಬಿಡಬೇಡ.

ನಿನ್ನ ಅಕ್ಕ


೩೦ ಜೂನ್

ಅಕ್ಕಾ,

ಕಾಯ್ದೆಯ ಆ ಸಾಲನ್ನು ಭೂಪನಿಗೆ ತೋರಿಸಿದೆ. "ಗೊತ್ತು" ಎಂದ. ಗೊತ್ತಿದ್ದೂ ಹೀಗೇಕೆ ಎಂದೆ. ಗೋಡೆಯತ್ತ ನೋಡಿದ. ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಘೋಷವಾಕ್ಯ ಇದೆ:

ಕಣ್ಣಿಗೊಂದು ಬೆಲೆ, ಕಿವಿಗೊಂದು ಬೆಲೆ,
ಎರಡೂ ಕೂಡಿದರೆ ನಮಗೊಂದು ನೆಲೆ.

ಯಜಮಾನರಿಗೆ ಅದೆಂದರೆ ಪ್ರಾಣ. ಬಂದವರಿಗೆಲ್ಲ ನಿಲ್ಲಿಸಿ ಓದಿಸುತ್ತಾರೆ. ಅರ್ಥ ಇಷ್ಟೇ. ಇ-ಪುಸ್ತಕ ಮಾರುವುದು ಕಣ್ಣಿಗೆ. ಕೇಳುವ ಪುಸ್ತಕ ಮಾಡುವ ಹಕ್ಕನ್ನು ಬೇರೆ ಕಂಪನಿಗೆ ಬೇರೆ ದುಡ್ಡಿಗೆ ಮಾರಬಹುದು. ಫೋನೇ ಪುಕ್ಕಟೆ ಓದಿಬಿಟ್ಟರೆ ಆ ಕಂಪನಿ ಯಾಕೆ ಬರುತ್ತದೆ? ಅದಕ್ಕೇ ಬೀಗ. ಇದರಲ್ಲಿ ತಮಾಷೆಯೆಂದರೆ, ಕಿವಿಯ ಹಕ್ಕು ಕೇಳಿಕೊಂಡು ಇಲ್ಲಿಯವರೆಗೆ ಒಂದು ನರಪಿಳ್ಳೆಯೂ ಬಂದಿಲ್ಲ. ಬಾರದ ಗಿರಾಕಿಗಾಗಿ ಬಂದ ಗಿರಾಕಿಯನ್ನು ಬಾಗಿಲಲ್ಲಿ ನಿಲ್ಲಿಸಿದ್ದೇವೆ. ನಿಲ್ಲಿಸಿದ್ದಾನೆ, ಭೂಪ.

ಇರಲಿ ಬಿಡು. ನಾನು ಓದುವುದೆಲ್ಲಿ ಗೊತ್ತೇ? ಊಟದ ಬಿಡುವಿನಲ್ಲಿ, ಗೋದಾಮಿನಲ್ಲಿ, ಮಾರಾಟವಾಗದೆ ವಾಪಸ್ ಬಂದ ಪುಸ್ತಕದ ಕಟ್ಟುಗಳ ನಡುವೆ. ಅಲ್ಲಿ ದನಿ ಪ್ರತಿಧ್ವನಿಸುವುದಿಲ್ಲ. ವಾಪಸ್ ಬಂದ ಪುಸ್ತಕಗಳಷ್ಟು ಗಮನವಿಟ್ಟು ಕೇಳಿಸಿಕೊಳ್ಳುವವರನ್ನು ನಾನು ನೋಡಿಲ್ಲ.

ಆರನೆಯ ಅಧ್ಯಾಯದವರೆಗೆ ಕಳಿಸಿದ್ದೇನೆ. ಸೊಸೆ ಮೊದಲ ಸಲ ಕೈಗಡಿಯಾರ ಬಿಚ್ಚುವ ಜಾಗದಲ್ಲಿ ನಿಧಾನಕ್ಕೆ ಓದಿದ್ದೇನೆ, ಕೇಳು.

ನಿನ್ನ ತಮ್ಮ


೨೦ ಜುಲೈ

ಪ್ರಾಸರಾಯ,

ಆ ಘೋಷವಾಕ್ಯ ಕಟ್ಟಿದವನಿಗೆ ಪ್ರಾಸ ಚೆನ್ನಾಗಿ ಬರುತ್ತದೆ. ಬೇರೇನೂ ಬಂದ ಹಾಗೆ ಕಾಣುವುದಿಲ್ಲ.

ನನಗೊಂದು ಅನುಮಾನ. ಎಂಟನೆಯ ಅಧ್ಯಾಯದಲ್ಲಿ ಮಾವ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಟ್ಟಿಮುಟ್ಟಾಗಿ ಕೆಲಸ ಮಾಡುತ್ತಿದ್ದಾನೆ. ಮುಂದಿನದು ಶುರುವಾಗುವ ಹೊತ್ತಿಗೆ ಕೈ ನಡುಗಿ, ಅಂಗಡಿ ಬಿಟ್ಟು, ಮನೆಯಲ್ಲಿ ಕೂತಿದ್ದಾನೆ. ನಡುವೆ ಏನಾಯಿತು? ತೂಕಡಿಸಿದೆನೇನೋ ಎಂದು ಮತ್ತೆ ಕೇಳಿದೆ. ಇಲ್ಲ, ಒಂದೇ ಜಿಗಿತ. ನೀನು ಓದುವಾಗ ಏನಾದರೂ ತಪ್ಪಿತೇ? ದಡಾರದವನ ಹಾಗೆ ಕೂಗುತ್ತಿಲ್ಲ, ಸುಮ್ಮನೆ ಕೇಳುತ್ತಿದ್ದೇನೆ.

ಅಕ್ಕ


೨೨ ಜುಲೈ

ಅಕ್ಕಾ,

ಏನೂ ತಪ್ಪಿಲ್ಲ. ಲೇಖಕಿಯೇ ಹಾಗೆ ಬಿಟ್ಟಿದ್ದಾರೆ. ಈಗಿನವರು ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ, ಒಂದಿಷ್ಟನ್ನು ಓದುಗರ ಊಹೆಗೆ ಬಿಡುತ್ತಾರೆ.

ಗಂಟಲು ಕಟ್ಟಿದೆ. ಈ ವಾರ ಒಂದೇ ಅಧ್ಯಾಯ.

ತಮ್ಮ


೩೧ ಆಗಸ್ಟ್

ಪ್ರಾಸರಾಯ,

ಕಾದಂಬರಿ ಮುಗಿಯಿತು, ಪಾಠ ಸಿದ್ಧವಾಯಿತು. ಸೆಪ್ಟೆಂಬರ್ ಒಂಬತ್ತಕ್ಕೆ.

ನೀನು ಅಂದದ್ದು ಸರಿ. ಲೇಖಕಿ ಮಾವನ ಕೈಗೆ ಏನಾಯಿತೆಂದು ಹೇಳದೆ ಬಿಟ್ಟದ್ದೇ ಒಳ್ಳೆಯದಾಯಿತು. ನನ್ನ ಇಡೀ ಪಾಠ ಆ ಕೈಯ ಮೇಲೇ ನಿಂತಿದೆ. ಕೆಲಸ ಕಲಿತ ಕೈ ನಡುಗಿದರೂ ಬೆರಳಿನೊಳಗೆ ಕೆಲಸ ಉಳಿದಿರುತ್ತದೆ ಎಂದು ಹೇಳಲಿದ್ದೇನೆ. ಇದನ್ನು ಪುಸ್ತಕದಿಂದ ಕಲಿಯಬೇಕಾಗಿರಲಿಲ್ಲ. ಮೊದಮೊದಲು ನನ್ನ ಬೆರಳಿಗೆ ಬಾಗಿಲ ಚಿಲಕವೂ ಸಿಗುತ್ತಿರಲಿಲ್ಲ, ಈಗ ಸೂಜಿಗೆ ದಾರ ಪೋಣಿಸುತ್ತೇನೆ. ಮಕ್ಕಳಿಗೆ ನನ್ನ ಕೈಯನ್ನೇ ತೋರಿಸೋಣ ಅಂದುಕೊಂಡಿದ್ದೇನೆ. ಕಣ್ಣಿನ ವಿಷಯ ಬಾಯಿ ಬಿಟ್ಟು ಹೇಳದೆಯೇ ಹೇಳಿದ ಹಾಗಾಗುತ್ತದೆ. ಹೇಗಿದೆ?

ಬಹಳ ದಿನದ ಮೇಲೆ ನಿನ್ನೆ ಸೀರೆ ಆರಿಸಿಟ್ಟೆ. ಬಣ್ಣ ಕೇಳಿದ್ದಕ್ಕೆ ಕೆಳಗಿನ ಮನೆಯಾಕೆ "ನೀಲಿ" ಎಂದಳು. ನಂಬಿದ್ದೇನೆ.

ನಿನ್ನ ಅಕ್ಕ


೩ ಸೆಪ್ಟೆಂಬರ್

ಅಕ್ಕನಿಗೆ ನಮಸ್ಕಾರ.

ಪಾಠದ ಯೋಚನೆ ಚೆನ್ನಾಗಿದೆ. ಆದರೆ ನನಗನಿಸುವುದು, ಮಾವನ ಪಾತ್ರ ಅಷ್ಟೇನೂ ದೊಡ್ಡದಲ್ಲ. ಸೊಸೆಯ ಮೇಲೆ ಪಾಠ ಮಾಡಿದರೆ ಹೇಗೆ? ಗಂಡಸರ ಕಸುಬನ್ನು ಕಲಿತು ಅಂಗಡಿಯಲ್ಲಿ ಕೂತವಳು. ಸಮಿತಿಯವರಿಗೆ ಅದೇ ಹಿಡಿಸುತ್ತದೆ. ಕೈಯ ವಿಷಯ ಸ್ವಲ್ಪ ತೆಳುವಾಗಬಹುದು. ಪುಸ್ತಕದಲ್ಲಿ ಅದಕ್ಕೆ ಆಧಾರವೂ ಕಡಿಮೆ. ಬಿಟ್ಟರೇ ಒಳ್ಳೆಯದೆಂದು ತೋರುತ್ತದೆ. ನಾನು ಒತ್ತಾಯ ಮಾಡುತ್ತಿಲ್ಲ.

ನಿನ್ನ ತಮ್ಮ


೫ ಸೆಪ್ಟೆಂಬರ್

ಪ್ರಾಸರಾಯ,

ನೀನು ಕರಡು ನೋಡು, ಪಾಠ ನಾನು ನೋಡಿಕೊಳ್ಳುತ್ತೇನೆ. ಅಕ್ಕ ಎಡವಿಯಾಳು ಎಂಬ ನಿನ್ನ ಹೆದರಿಕೆ ನನಗೆ ಅರ್ಥವಾಗುತ್ತದೆ, ನಗುವೂ ಬರುತ್ತದೆ. ಒಂಬತ್ತರ ಸಂಜೆ ಬರೆಯುತ್ತೇನೆ.

ಅಕ್ಕ


೨೧ ಸೆಪ್ಟೆಂಬರ್

ಅಕ್ಕಾ,

ಒಂಬತ್ತರ ಸಂಜೆ ಹೋಗಿ ಎಷ್ಟೋ ಸಂಜೆಗಳಾದವು. ತರಗತಿ ಸಿಕ್ಕ ಗಡಿಬಿಡಿಯಲ್ಲಿ ತಮ್ಮನ ನೆನಪು ಹಾರಿಹೋಗಿದೆ ಎಂದುಕೊಂಡಿದ್ದೇನೆ. ಉತ್ತರಪತ್ರಿಕೆಗಳ ರಾಶಿ, ಮಕ್ಕಳ ಕಾಟದ ಕಾಶಿ ಎಂದು ಏನೇನೋ ಪ್ರಾಸ ಕಟ್ಟಿ ಸಮಾಧಾನ ಮಾಡಿಕೊಳ್ಳುತ್ತಿದ್ದೇನೆ. ಫೋನು ಮಾಡಿದೆ, ನೀನು ಎತ್ತಲಿಲ್ಲ.

ಒಂದು ಸಾಲು ಬರೆ. ನೀಲಿ ಸೀರೆ ಹೇಗಿತ್ತೆಂದಾದರೂ ಬರೆ.

ತಮ್ಮ


೪ ಅಕ್ಟೋಬರ್

ಅಕ್ಕಾ,

ಬರೆ.


೧೨ ಅಕ್ಟೋಬರ್

ನಿನ್ನ ಎರಡು ಪತ್ರಗಳೂ ಬಂದವು. ಉತ್ತರವನ್ನು ಈ ಮೇಜಿನಿಂದಲೇ ಹೇಳಿ ಬರೆಸುತ್ತಿದ್ದೇನೆ. ನಡುವೆ ಟೆಲಿಫೋನು ಬಂದರೆ ನಿಲ್ಲಿಸಬೇಕಾಗುತ್ತದೆ.

ಅವತ್ತು ಮಕ್ಕಳೆಲ್ಲರ ಎದುರು ಅಚ್ಚಿನ ಪುಸ್ತಕವಿತ್ತು. ಹಿಂದಿನ ಬೆಂಚಿನಲ್ಲಿ ಸಮಿತಿಯವರು, ಅವರ ಪಕ್ಕ ಮುಖ್ಯೋಪಾಧ್ಯಾಯರು. ಮೊದಲರ್ಧ ಹಗುರವಾಗಿ ಹೋಯಿತು. ಅತ್ತೆಯ ಮಾತನ್ನು ನಿನ್ನ ಹಾಗೆ ಮೂಗಿನಲ್ಲಿ ಹೇಳಿದೆ, ಮಕ್ಕಳು ನಕ್ಕರು. ನನಗೆ ಮರೆತೇಹೋಗಿದ್ದ ಸದ್ದು ಅದು. ಆಮೇಲೆ ಮಾವನ ಕೈಗೆ ಬಂದೆ. ನಡುಗುವ ಕೈ, ಕೆಲಸ ಮರೆಯದ ಬೆರಳು. ನನ್ನ ಕೈಗಳನ್ನು ಎತ್ತಿ ಹಿಡಿದೆ.

ತರಗತಿ ಸುಮ್ಮನಾಯಿತು. ಮನಸ್ಸಿಗೆ ತಾಗಿತು, ಅದಕ್ಕೇ ಮೌನ ಎಂದುಕೊಂಡೆ. ಆಗ ಪುಟ ತಿರುವುವ ಸದ್ದು. ಒಂದು ಮೂಲೆಯಲ್ಲಿ, ಆಮೇಲೆ ಇನ್ನೊಂದರಲ್ಲಿ, ಆಮೇಲೆ ಎಲ್ಲ ಕಡೆ. ಮುಂದಿನ ಸಾಲಿನಿಂದ ಒಂದು ಹುಡುಗಿ ಮೆಲ್ಲಗೆ, "ಟೀಚರ್, ಕೈ ಅಲ್ಲ ಅಲ್ವಾ?" ಎಂದಳು.

"ಮತ್ತೆ?" ಎಂದೆ.

ಅವಳು ಹೇಳಲಿಲ್ಲ. ಪಕ್ಕದವಳೂ ಹೇಳಲಿಲ್ಲ. ಇಡೀ ತರಗತಿಯ ಕೈಯಲ್ಲಿ ಪುಸ್ತಕವಿತ್ತು. ಕಣ್ಣು ಎಂಬ ಶಬ್ದವನ್ನು ನನ್ನೆದುರು ಆಡಲು ಒಂದು ಮಗುವಿಗೂ ಬಾಯಿ ಬರಲಿಲ್ಲ. ನಾನು ಮುಂದುವರಿಸಿದೆ. ಗಂಟೆ ಹೊಡೆಯುವವರೆಗೆ ಕೈ, ಕೈ, ಕೈ ಎನ್ನುತ್ತಲೇ ಇದ್ದೆ.

ಆಮೇಲೆ ಮುಖ್ಯೋಪಾಧ್ಯಾಯರು ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. "ನಮಗೆ ಅರ್ಥ ಆಗುತ್ತೆ ಮೇಡಂ" ಎಂದರು.

"ಏನರ್ಥ ಆಯಿತು ಸರ್?"

"ಆ ಅಧ್ಯಾಯ ನಿಮಗೆ ಕಷ್ಟ ಆಗಿರುತ್ತೆ. ನಿಮಗೆ ತಡೆಯೋ ಹಾಗೆ ಬದಲಾಯಿಸಿಕೊಂಡಿದ್ದೀರಿ. ಯಾರೂ ತಪ್ಪು ತಿಳಿಯಲ್ಲ. ಆದರೆ ಮಕ್ಕಳು ಪರೀಕ್ಷೆ ಬರೀಬೇಕಲ್ಲ."

ಅವರ ದನಿ ಬಹಳ ಮೆತ್ತಗಿತ್ತು. ಬೈದಿದ್ದರೆ ನಿಂತು ಉತ್ತರ ಕೊಡುತ್ತಿದ್ದೆ.

ಸಹೋದ್ಯೋಗಿಯೊಬ್ಬಳನ್ನು ಕೂರಿಸಿಕೊಂಡು ಒಂಬತ್ತನೆಯ ಅಧ್ಯಾಯ ಓದಿಸಿದೆ. ಮಾವನ ಕಣ್ಣು ಮಂಜಾಗಿ ಹೋಗುತ್ತದೆ. ಅಪ್ಪನಿಗೆ ನೋವಾಗಬಾರದೆಂದು ಮಗ ಕೆಟ್ಟು ನಿಂತ ಹಳೆಯ ಗಡಿಯಾರಗಳನ್ನು ಗಿರಾಕಿಗಳವೆಂದು ಹೇಳಿ ದಿನವೂ ಮುಂದಿಡುತ್ತಾನೆ. ಮುದುಕ ಬಿಚ್ಚುತ್ತಾನೆ, ಜೋಡಿಸುತ್ತಾನೆ. ಮಗ ಮಾರನೆಯ ದಿನ ಅವನ್ನೇ ತಂದಿಡುತ್ತಾನೆ. ಓದುತ್ತಿದ್ದವಳು ನಡುವೆ ನಿಲ್ಲಿಸಿ, "ಬಿಡೋಣವಾ?" ಎಂದಳು. ಅವಳು ಕೇಳಿದಳು, ನೋಡು. ಕೇಳಿದಳು.

ನೀನು ಆ ಅಧ್ಯಾಯವನ್ನು ಬಿಟ್ಟು, ಮುಂದೆ ಕಣ್ಣು ಎಂದಿದ್ದಲ್ಲೆಲ್ಲ ಕೈ ಎಂದು ಓದಿದ್ದೀಯ. ಯಾಕೆಂದು ಕೇಳುವುದಿಲ್ಲ. ಅಕ್ಕನಿಗೆ ನೋವಾಗಬಾರದು ಅಂತ. ಜುಲೈನಲ್ಲಿ ಕೇಳಿದಾಗಲೂ ಹೇಳಲಿಲ್ಲ. ನಾನು ಅದೇ ಕೈ ಹಿಡಿದುಕೊಂಡು ತರಗತಿಗೆ ಹೋಗುತ್ತಿದ್ದೇನೆಂದು ಗೊತ್ತಾದಾಗಲೂ ಹೇಳಲಿಲ್ಲ.

ನಿನಗಿಂತ ಆ ಬೀಗದ ಭೂಪನೇ ವಾಸಿ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ಕೊಡುವುದಿಲ್ಲ ಎಂದ, ಕೊಡಲಿಲ್ಲ. ಕೊಟ್ಟ ಹಾಗೆ ಮಾಡಲಿಲ್ಲ.

ಟೆಲಿಫೋನು ಬರುತ್ತಿದೆ.


೧೩ ಅಕ್ಟೋಬರ್

ಅಕ್ಕಾ,

ಭೂಪ ವಾಸಿಯಲ್ಲ. ಭೂಪ ನಾನೇ.

ನಾನು ಕರಡಿನ ಮೇಜು ಬಿಟ್ಟು ಹತ್ತಿರ ಹತ್ತಿರ ಎರಡು ವರ್ಷವಾಯಿತು. ನಿನ್ನ ಕಣ್ಣಿನ ಆಪರೇಷನ್ ಕೈಕೊಟ್ಟ ತಿಂಗಳಲ್ಲೇ ನನಗೆ ಹಕ್ಕು ವಿಭಾಗದ ಕುರ್ಚಿ ಸಿಕ್ಕಿತು. ಆಗ ಹೇಗೆ ಹೇಳುವುದು ಎಂದು ಹೇಳಲಿಲ್ಲ. ಆಮೇಲೆ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀಯಲ್ಲ ಎಂದು ಹೇಳಲಿಲ್ಲ. ಕುರ್ಚಿ ಸಿಕ್ಕಿದ್ದು ಆ ಘೋಷವಾಕ್ಯಕ್ಕೆ. ಒಂದು ಸಭೆಯಲ್ಲಿ ಬಾಯಿಗೆ ಬಂತು, ಎಲ್ಲರೂ ಚಪ್ಪಾಳೆ ತಟ್ಟಿದರು. ಓದಿ ಹೇಳುವುದಕ್ಕೆ ಬೀಗ ಹಾಕೋಣ ಎಂದು ಯಜಮಾನರಿಗೆ ಹೊಳೆದಿರಲಿಲ್ಲ. ಹೊಳೆಯಿಸಿದವನು ನಾನು.

ಭೂಪನಿಗೆ ನೀನು ಯಾರೆಂದು ಗೊತ್ತಿಲ್ಲ ಎಂದೆಯಲ್ಲ. ನಿನ್ನ ಕೋರಿಕೆ ಬಂದಾಗ ಹೆಸರು ನೋಡಿದೆ. ಎರಡು ಸಲ ನೋಡಿದೆ. ಅಕ್ಕನಿಗೆಂದು ಬೀಗ ತೆಗೆದರೆ ಯಜಮಾನರ ಎದುರು ನನ್ನ ಪ್ರಾಸವನ್ನು ನಾನೇ ಮುರಿಯಬೇಕಿತ್ತು. ಎಲ್ಲರಿಗೂ ಕಳಿಸುವ ಉತ್ತರ ಸಿದ್ಧವಾಗಿತ್ತು. ಕಳಿಸಿದೆ. ವಿಷಾದಿಸುತ್ತೇವೆ ಎಂದು ಬರೆದವನು ಆವತ್ತು ವಿಷಾದಿಸಿರಲಿಲ್ಲ.

ಒಂಬತ್ತನೆಯ ಅಧ್ಯಾಯವನ್ನು ನಾನು ಪೂರ್ತಿ ಓದಿ ಮುದ್ರಿಸಿದ್ದೆ. ಅಪ್ಪನ ಮುಂದೆ ಮಗ ಕೆಟ್ಟ ಗಡಿಯಾರ ಇಡುವ ಜಾಗದಲ್ಲಿ ದನಿ ನಿಂತುಹೋಗಿತ್ತು, ಅದೂ ಮುದ್ರಿತವಾಗಿತ್ತು. ಇದು ನಿನಗೆ ನೋವು ಕೊಡುತ್ತದೆ ಎಂದುಕೊಂಡು ಅಳಿಸಿದೆ. ಈಗ ಯೋಚಿಸಿದರೆ ಅದೂ ಸುಳ್ಳು. ನಾಚಿಕೆಯಾಗಿದ್ದು ನನಗೆ. ಅದಕ್ಕೆ ನಿನ್ನ ನೋವಿನ ಹೆಸರಿಟ್ಟೆ. ಒಂದು ಅಧ್ಯಾಯ ಬಿಟ್ಟ ಮೇಲೆ ಮುಂದಿನವು ಕೂಡಲಿಲ್ಲ. ಇಷ್ಟು ವರ್ಷ ಬೇರೆಯವರ ತಪ್ಪು ತಿದ್ದಿದವನಿಗೆ ಸರಿ ಇದ್ದದ್ದನ್ನು ತಿದ್ದುವುದು ಕಷ್ಟವಾಗಲಿಲ್ಲ.

ಮುಖ್ಯೋಪಾಧ್ಯಾಯರಿಗೆ ನಡೆದದ್ದನ್ನೆಲ್ಲ ಬರೆಯಲೇ? ನೀನು ಹೂಂ ಅಂದರೆ ಮಾತ್ರ. ನಿನ್ನ ಪರವಾಗಿ ಇನ್ನು ಏನನ್ನೂ ನಾನು ತೀರ್ಮಾನಿಸುವುದಿಲ್ಲ.

ತಮ್ಮ


೨೯ ನವೆಂಬರ್

ಅಕ್ಕಾ,

ಉತ್ತರ ಕೇಳಿಕೊಂಡು ಬರೆಯುತ್ತಿಲ್ಲ. ನಡೆದದ್ದು ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

ಯಜಮಾನರ ಕೋಣೆಗೆ ಹೋಗಿ, ಕಣ್ಣು ಕಾಣದವರಿಗೆ ನಮ್ಮ ಎಲ್ಲ ಇ-ಪುಸ್ತಕಗಳ ಬೀಗ ತೆಗೆಯಬೇಕು ಎಂದೆ.

"ಏನ್ರೀ, ನಿಮ್ಮ ಪ್ರಾಸದ ಮೇಲೆ ನೀವೇ ತಿರುಗಿಬಿದ್ರಾ?" ಎಂದು ನಕ್ಕರು. "ಯಾರೋ ಒಬ್ಬರಿಗೆ ಬೇಕಾಗಿದ್ದರೆ ಗುಟ್ಟಾಗಿ ಕಳಿಸಿಬಿಡಿ. ಊರಿಗೆಲ್ಲ ಯಾಕೆ?"

"ಗುಟ್ಟಾಗಿ ಬೇಡ ಸರ್" ಎಂದು ಕಾಯ್ದೆಯ ಪುಟ ತೆರೆದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. ಬೆರಳಿಟ್ಟು ಮತ್ತೊಮ್ಮೆ ಓದಿದರು.

"ಇದು ಯಾವಾಗಿನಿಂದ ಇದೆ?"

"ನಾವು ಬೀಗ ಹಾಕೋಕೆ ಮುಂಚಿನಿಂದ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

ಅಕ್ಕಾ, ಇಷ್ಟು ದಿನ ಅವರ ಹೆದರಿಕೆಯಿಂದ ಮಾಡಿದೆ ಎಂದುಕೊಂಡಿದ್ದೆ. ಅವರು ಆ ಪ್ರಶ್ನೆಯನ್ನು ಅಷ್ಟು ಸಹಜವಾಗಿ ಕೇಳಿದಾಗ ಆ ನೆಪವೂ ಉಳಿಯಲಿಲ್ಲ. ಕುರ್ಚಿ ಬಿಡುತ್ತೇನೆ ಎಂದೆ. "ಹಾಕಿದೋರು ನೀವು. ತೆಗೆದು ಮುಗಿಸಿ, ಆಮೇಲೆ ಬಿಡಿ" ಎಂದರು. ಒಂದೊಂದೇ ಪುಸ್ತಕ ತೆರೆದು ತೆಗೆಯುತ್ತಿದ್ದೇನೆ. ಗೋಡೆಯ ಮೇಲಿದ್ದದ್ದನ್ನೂ ಇಳಿಸಿದೆ. ಅದಿದ್ದ ಜಾಗದಲ್ಲಿ ಬಣ್ಣ ಮಾಸದೆ ಹೊಸದಾಗಿಯೇ ಉಳಿದಿದೆ. ಬಂದವರೆಲ್ಲ ಈಗ ಅದನ್ನೇ ನೋಡುತ್ತಾರೆ.

ಮೊದಲು ತೆಗೆದದ್ದು ಆ ಕಾದಂಬರಿಯ ಬೀಗ. ಫೈಲು ಇದರ ಜೊತೆಗಿದೆ. ನನ್ನ ದನಿ ಇದರಲ್ಲಿ ಎಲ್ಲೂ ಇಲ್ಲ.

ತಮ್ಮ


೨೦ ಡಿಸೆಂಬರ್

ಹಕ್ಕು ವಿಭಾಗಕ್ಕೆ

ಮಾನ್ಯರೇ,

ತಾವು ಕಳಿಸಿದ ಫೈಲು ತಲುಪಿದೆ. ಮೊದಲಿನಿಂದ ಕೊನೆಯವರೆಗೆ ಪರಿಶೀಲಿಸಲಾಗಿದೆ. ಒಂಬತ್ತನೆಯ ಅಧ್ಯಾಯ ಇದೆ. ಕಣ್ಣು ಎಂಬ ಶಬ್ದವನ್ನು ಹುಡುಕಿ ನೋಡಿದೆ, ಇರಬೇಕಾದಲ್ಲೆಲ್ಲ ಇದೆ.

ತಮ್ಮ ವಿಭಾಗದಿಂದ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯುವ ಅಗತ್ಯವಿಲ್ಲ. ಹಿಂದಿನ ಸಲ ಪುಸ್ತಕ ಪೂರ್ತಿ ಸಿಕ್ಕಿರಲಿಲ್ಲ ಎಂದಷ್ಟೇ ಅವರಿಗೆ ಹೇಳಿದ್ದೇನೆ. ಯಾರು ಕೊಡಲಿಲ್ಲ ಎಂಬುದು ಮನೆಯ ಮಾತು, ಶಾಲೆಗೆ ಒಯ್ಯಲು ಮನಸ್ಸಾಗಲಿಲ್ಲ. ಇನ್ನೊಂದು ಪಾಠಕ್ಕೆ ಅವಕಾಶ ಕೇಳಿದೆ. ಕೊಟ್ಟರು, ಬಹಳ ಮೆತ್ತಗಿನ ದನಿಯಲ್ಲಿ.

ಒಂಬತ್ತನೆಯದನ್ನೇ ತೆಗೆದುಕೊಂಡೆ. "ಕಣ್ಣು ಅನ್ನೋದಕ್ಕೆ ಯಾರೂ ಹೆದರಬೇಡಿ, ನನಗೆ ಆ ಶಬ್ದ ಗೊತ್ತು" ಎಂದು ಶುರು ಮಾಡಿದೆ. ಮಕ್ಕಳು ನಗಬಹುದೇ ಎಂದು ಯೋಚಿಸಿ ಆಮೇಲೆ ನಕ್ಕರು. ದಿನವೂ ಅದೇ ಗಡಿಯಾರ ಬರುತ್ತಿದೆ ಎಂದು ಮುದುಕನಿಗೆ ಗೊತ್ತಿತ್ತೇ ಎಂದು ಕೇಳಿದೆ. ಗೊತ್ತಿತ್ತು ಎಂದು ಅರ್ಧ ತರಗತಿ, ಇಲ್ಲವೇ ಇಲ್ಲ ಎಂದು ಇನ್ನರ್ಧ. ಗಂಟೆ ಹೊಡೆದ ಮೇಲೂ ಜಗಳ ನಿಲ್ಲಲಿಲ್ಲ. ಬರುವ ತಿಂಗಳಿಂದ ಒಂದು ತರಗತಿ ನನ್ನದು. ಉಳಿದ ಹೊತ್ತು ಟೆಲಿಫೋನು.

ಮುದುಕನ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಮಕ್ಕಳಿಗೆ ಹೇಳಲಿಲ್ಲ, ತಮಗೆ ಹೇಳುತ್ತೇನೆ. ಅವನಿಗೆ ಗೊತ್ತಿತ್ತು. ಗೋಡೆಯ ಮೇಲಿನ ಆ ಎರಡು ಸಾಲುಗಳನ್ನು ಜೂನ್ ಕೊನೆಯಲ್ಲಿ ಕೇಳಿದಾಗಲೇ ಈ ಓದುಗಿಗೆ ಅನುಮಾನ ಬಂದಿತ್ತು. ಅಂಥ ಪ್ರಾಸವನ್ನು ಅವಳು ಚಿಕ್ಕಂದಿನಿಂದ ಕೇಳುತ್ತ ಬಂದವಳು. ಆದರೂ ಬೇಡವೆಂದು ಆ ಪುಟವನ್ನು ತಾನೇ ಹಾರಿಸಿದಳು. ಮೋಸ ಎಂದು ಕೂಗುವವರು ಪಕ್ಕದಲ್ಲಿ ಯಾರೂ ಇರಲಿಲ್ಲ.

ಮುಂದಿನ ಅವಧಿಯ ಪಠ್ಯವೂ ತಮ್ಮ ಪ್ರಕಾಶನದ್ದೇ. ಅದರ ಫೈಲನ್ನು ಕಳಿಸಿಕೊಡಬೇಕಾಗಿ ಕೋರಿಕೆ. ಜೊತೆಗೆ ಪತ್ರ ಇರಲೇಬೇಕೆಂದಿಲ್ಲ. ಇದ್ದರೆ ಫೋನು ಓದಿ ಹೇಳುತ್ತದೆ. ಅದಕ್ಕೆ ನಿಲ್ಲಿಸುವುದು ಬರುವುದಿಲ್ಲ, ದನಿ ಬದಲಿಸುವುದು ಬರುವುದಿಲ್ಲ, ಅತ್ತೆಯ ಮಾತನ್ನೂ ಬಸ್ಸಿನ ಹಾಗೇ ಓದುತ್ತದೆ. ಬಿಡುವುದೂ ಬರುವುದಿಲ್ಲ.

ಇಂತಿ,
ಒಬ್ಬ ಓದುಗಿ